ಅಳಿವೆಯ ನೀರು ಮತ್ತು ಚಿಪ್ಪಿನ ಆಹಾರ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಪೀಠಿಕೆ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೇ ಅಲ್ಲ. ಹುಟ್ಟಿದ ಮಕ್ಕಳು ಬದುಕಿ ಬಾಳುವಂತೆ ನೋಡಿಕೊಳ್ಳುವುದು, ತಾಯಿಯ ಶರೀರವು ಸೊರಗದಂತೆ ಕಾಪಾಡುವುದು, ಮನೆಗಾಗಿ ದುಡಿಯುವ ಕೈಗಳು ಹಾಸಿಗೆ ಹಿಡಿಯದಂತೆ ಎಚ್ಚರ ವಹಿಸುವುದು ಇವೆಲ್ಲವೂ ಕುಟುಂಬ ಕಲ್ಯಾಣದ ಅಂಗಗಳೇ ಆಗಿವೆ. ಆದುದರಿಂದ ಈ ಪಾಠದಲ್ಲಿ ಕರಾವಳಿಯ ಮನೆಗಳ ಊಟಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ವಿವರಿಸಲಾಗಿದೆ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸ್ವರ್ಣಾ, ನೇತ್ರಾವತಿ ಮೊದಲಾದ ನದಿಗಳು ಸಮುದ್ರವನ್ನು ಸೇರುವ ಅಳಿವೆಗಳಲ್ಲಿ ಚಿಪ್ಪಿನ ಜೀವಿಗಳು ಹೇರಳವಾಗಿ ದೊರೆಯುತ್ತವೆ. ಇವನ್ನು ದಕ್ಷಿಣದಲ್ಲಿ ಮರುವಾಯಿ ಎಂದೂ ಉತ್ತರ ಕನ್ನಡದಲ್ಲಿ ಬಳಚು ಎಂದೂ ಕರೆಯುತ್ತಾರೆ. ಪಚ್ಚಿಲೆ ಮತ್ತು ಕಲ್ಲಿಗೆ ಅಂಟಿ ಬೆಳೆಯುವ ಸಿಂಪಿಗಳೂ ಇದೇ ಗುಂಪಿಗೆ ಸೇರಿದವು. ಇವುಗಳಲ್ಲಿ ಸಸಾರಜನಕವೂ ಕಬ್ಬಿಣದ ಅಂಶವೂ ಸಮೃದ್ಧವಾಗಿವೆ. ಇಳಿತದ ವೇಳೆಯಲ್ಲಿ ಇವನ್ನು ಹೆಕ್ಕಿ ಮಾರುವುದು ಅನೇಕ ಬಡ ಕುಟುಂಬಗಳ, ಅದರಲ್ಲಿಯೂ ಹೆಂಗಸರ, ಜೀವನೋಪಾಯವಾಗಿದೆ. ಇಂತಹ ಆಹಾರವನ್ನು ತ್ಯಜಿಸಿರೆಂದು ಹೇಳುವುದು ಈ ಪಾಠದ ಉದ್ದೇಶವಲ್ಲ. ಅದನ್ನು ಅಪಾಯವಿಲ್ಲದಂತೆ ತಿನ್ನುವುದು ಹೇಗೆ ಎಂಬುದನ್ನು ತಿಳಿಸುವುದೇ ಉದ್ದೇಶ.

ಚಿಪ್ಪಿನ ಜೀವಿಯು ನೀರನ್ನು ಸೋಸುವ ಬಗೆ

ಮೀನು ತನ್ನ ಆಹಾರವನ್ನು ಹುಡುಕಿಕೊಂಡು ಈಜುತ್ತದೆ. ಮರುವಾಯಿಯಾದರೋ ಇದ್ದಲ್ಲಿಯೇ ಇರುತ್ತದೆ. ಅದು ಚಿಪ್ಪನ್ನು ಸ್ವಲ್ಪ ತೆರೆದು ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಸೂಕ್ಷ್ಮ ಕಣಗಳನ್ನು ಕಿವಿರುಗಳಿಂದ ಸೋಸಿ ತಿಂದು, ಉಳಿದ ನೀರನ್ನು ಹೊರಕ್ಕೆ ಬಿಡುತ್ತದೆ. ದೊಡ್ಡದೊಂದು ಸಿಂಪಿಯು ಒಂದು ಗಂಟೆಯಲ್ಲಿ ಹಲವು ಲೀಟರ್ ನೀರನ್ನು ಹೀಗೆ ಸೋಸಬಲ್ಲದು.

ನೀವು ಹಾಲನ್ನು ಬಟ್ಟೆಯಲ್ಲಿ ಸೋಸಿದಾಗ ಕಸವು ಬಟ್ಟೆಯಲ್ಲಿಯೇ ಉಳಿಯುತ್ತದೆಯಲ್ಲವೇ? ಹಾಗೆಯೇ ನೀರಿನಲ್ಲಿ ಚದುರಿಹೋಗಿದ್ದ ರೋಗಾಣುಗಳು ಚಿಪ್ಪಿನ ಜೀವಿಯ ಶರೀರದಲ್ಲಿ ಒಟ್ಟುಗೂಡುತ್ತವೆ. ಆದುದರಿಂದ ಅದರೊಳಗಿನ ರೋಗಾಣುಗಳ ಪ್ರಮಾಣವು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರಬಹುದು. ಮೀನಿನ ಕರುಳನ್ನು ನಾವು ತೆಗೆದು ಬಿಸಾಡುತ್ತೇವೆ. ಮರುವಾಯಿಯನ್ನು ಹೊಟ್ಟೆಯ ಸಮೇತ ತಿನ್ನುತ್ತೇವೆ ಎಂಬುದನ್ನೂ ಗಮನಿಸಿರಿ.

ರೋಗಾಣುಗಳಲ್ಲಿ ಎರಡು ಬಗೆ

ಮೊದಲನೆಯ ಬಗೆಯವು ಮನುಷ್ಯರ ಮಲದಿಂದ ನೀರಿಗೆ ಸೇರುವಂಥವು. ವಿಷಮಶೀತ ಜ್ವರ, ಆಮಶಂಕೆ, ವಾಂತಿಭೇದಿ, ಕಾಮಾಲೆ ಇವು ಈ ದಾರಿಯಿಂದ ಬರುತ್ತವೆ. ಅಮೆರಿಕದಲ್ಲಿ 1924 ಮತ್ತು 1925ರಲ್ಲಿ ಚರಂಡಿಯ ನೀರು ತಗುಲಿದ ಸಿಂಪಿಗಳನ್ನು ಹಸಿಯಾಗಿ ತಿಂದು ಸುಮಾರು 1,500 ಜನರು ವಿಷಮಶೀತ ಜ್ವರಕ್ಕೆ ತುತ್ತಾದರು. ಸುಮಾರು 150 ಜನರು ಮೃತರಾದರು. ಚಿಪ್ಪಿನ ಜೀವಿಗಳನ್ನು ಹಿಡಿಯುವ ನೀರನ್ನೇ ಪರೀಕ್ಷಿಸಬೇಕು ಎಂಬ ನಿಯಮವು ಆ ದೇಶದಲ್ಲಿ ನೆಲೆಗೊಂಡುದು ಈ ದುರಂತದ ನಂತರವೇ.

ಎರಡನೆಯ ಬಗೆಯವು ಸಮುದ್ರದ ಮತ್ತು ಅಳಿವೆಯ ನೀರಿನಲ್ಲಿ ಸಹಜವಾಗಿಯೇ ವಾಸಿಸುವಂಥವು. ಇವನ್ನು ವಿಬ್ರಿಯೊ ಎಂದು ಕರೆಯುತ್ತಾರೆ. ಕಾಲರಾ ರೋಗಾಣುವು ಈ ಕುಲದ್ದೇ. ಇದೇ ಕುಲದ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬುದು ಹೊಟ್ಟೆನೋವು, ವಾಂತಿ ಮತ್ತು ಭೇದಿಯನ್ನು ಉಂಟುಮಾಡುತ್ತದೆ. 1950ರಲ್ಲಿ ಜಪಾನಿನ ಒಸಾಕಾ ಪ್ರದೇಶದಲ್ಲಿ ಅರೆ ಒಣಗಿಸಿದ ಸಣ್ಣ ಮೀನನ್ನು ತಿಂದು 272 ಜನರು ಕಾಯಿಲೆ ಬಿದ್ದು 20 ಜನರು ಸತ್ತಾಗ, ಫುಜಿನೊ ಎಂಬ ವಿಜ್ಞಾನಿಯು ಇದನ್ನು ಮೊದಲು ಗುರುತಿಸಿದರು. ಮೂರನೆಯದಾದ ವಿಬ್ರಿಯೊ ವಲ್ನಿಫಿಕಸ್ ಗಾಯದ ಮೂಲಕವೂ ಒಳಹೊಕ್ಕು ಪ್ರಾಣಕ್ಕೆ ಎರವಾಗಬಲ್ಲದು.

ಈ ಎರಡನೆಯ ಬಗೆಯ ವಿಷಯದಲ್ಲಿ ಜನರು ಮೋಸಹೋಗುವುದುಂಟು. ಊರಿನ ಕೊಳೆ ಸೇರದ, ಕನ್ನಡಿಯಂತೆ ತಿಳಿಯಾದ ನೀರಿನಲ್ಲಿಯೂ ವಿಬ್ರಿಯೊಗಳು ಇರಬಹುದು. ನಮ್ಮ ಕರಾವಳಿಯ ಎರಡು ಅಳಿವೆಗಳ ಸಿಂಪಿಗಳನ್ನು ಮಂಗಳೂರಿನ ವಿಜ್ಞಾನಿಗಳು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 49 ಮಾದರಿಗಳ ಪೈಕಿ 46ರಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಕಂಡುಬಂದಿತು. ಇವೆಲ್ಲವೂ ರೋಗ ತರುವ ಜಾತಿಯವಲ್ಲ. ರೋಗಕ್ಕೆ ಕಾರಣವಾಗುವ ಒಂದು ಮುಖ್ಯ ಗುರುತನ್ನು ಹುಡುಕಿ ನೋಡಿದಾಗ ಅದು 5 ಮಾದರಿಗಳಲ್ಲಿ ಸಿಕ್ಕಿತು. ಆದರೆ ಯಾವ ಚಿಪ್ಪಿನಲ್ಲಿ ಕೆಟ್ಟದ್ದಿದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ತಿಳಿಯಲು ಸಾಧ್ಯವಿಲ್ಲ.

ನೀರಿನ ಸ್ಥಿತಿಯೂ ರೋಗಾಣುಗಳ ಏರಿಳಿತವೂ

ಒಂದೇ ಅಳಿವೆಯ ನೀರು ವರ್ಷವಿಡೀ ಒಂದೇ ಬಗೆಯಾಗಿರುವುದಿಲ್ಲ. ನೀರು ಬದಲಾದಂತೆ ಅದರಲ್ಲಿರುವ ರೋಗಾಣುಗಳೂ ಬದಲಾಗುತ್ತವೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಶಾಖ. ವಿಬ್ರಿಯೊಗಳು ಬೆಚ್ಚನೆಯ ನೀರನ್ನು ಬಯಸುತ್ತವೆ. ನೀರಿನ ಶಾಖವು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅವು ನೀರಿನಲ್ಲಿ ವಿರಳವಾಗಿ, ತಳದ ಕೆಸರಿನಲ್ಲಿ ಉಳಿದುಕೊಳ್ಳುತ್ತವೆ. ಶೀತಪ್ರದೇಶವಾದ ಅಲಾಸ್ಕಾದಲ್ಲಿ 2004ರ ಬೇಸಗೆಯಲ್ಲಿ ಸಮುದ್ರದ ನೀರು 15 ಡಿಗ್ರಿಯನ್ನು ಮೀರಿದಾಗ, ಅಲ್ಲಿನ ಸಿಂಪಿಗಳನ್ನು ತಿಂದ 62 ಜನರು ಕಾಯಿಲೆ ಬಿದ್ದರು. ಅಷ್ಟು ಉತ್ತರದಲ್ಲಿ ಈ ಕಾಯಿಲೆಯು ಹೀಗೆ ಹರಡಿದುದು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಮ್ಮ ಕರಾವಳಿಯ ನೀರಾದರೋ ಎಂದೂ ಅಷ್ಟು ತಣ್ಣಗಾಗುವುದೇ ಇಲ್ಲ. ಆದುದರಿಂದ ಚಳಿಗಾಲದ ರಕ್ಷಣೆಯು ನಮಗಿಲ್ಲ. ಹನ್ನೆರಡು ತಿಂಗಳೂ ಎಚ್ಚರವಿರಬೇಕು.

ಎರಡನೆಯದು ಉಪ್ಪಿನ ಅಂಶ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಳಿವೆಯಲ್ಲಿ ಸಿಹಿನೀರು ಬೆರೆಯುವುದರಿಂದ ಇದು ಹೆಚ್ಚು ಕಡಿಮೆಯಾಗುತ್ತಲೇ ಇರುತ್ತದೆ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ಗೆ ಬೆಳೆಯಲು ಉಪ್ಪು ಬೇಕೇ ಬೇಕು. ವಿಬ್ರಿಯೊ ವಲ್ನಿಫಿಕಸ್‌ಗೆ ತೀರ ಉಪ್ಪೂ ಅಲ್ಲದ, ತೀರ ಸಿಹಿಯೂ ಅಲ್ಲದ, ಲೀಟರಿಗೆ 5ರಿಂದ 25 ಗ್ರಾಂ ಉಪ್ಪಿರುವ ನೀರು ಹೆಚ್ಚು ಹಿತ.

ಮೂರನೆಯದು ಮಳೆ ಮತ್ತು ಕೆಸರು. ಮಳೆಯ ನೀರು ಬಯಲಿನ ಮಲವನ್ನೂ, ತುಂಬಿ ಹರಿಯುವ ಚರಂಡಿಯನ್ನೂ, ಕೊಟ್ಟಿಗೆಯ ಗಂಜಲವನ್ನೂ ತೊಳೆದುಕೊಂಡು ನದಿಗೆ ತರುತ್ತದೆ. ತಿಳಿಯಾದ ನೀರಿನಲ್ಲಿ ಬಿಸಿಲು ಆಳಕ್ಕೆ ಇಳಿದು ಮಲದ ರೋಗಾಣುಗಳಲ್ಲಿ ಬಹಳಷ್ಟನ್ನು ಕೊಲ್ಲುತ್ತದೆ. ಕದಡಿದ ಕೆಂಪು ನೀರಿನಲ್ಲಿ ಬಿಸಿಲು ಒಳಹೋಗಲಾರದು. ಕೆಸರಿನ ಕಣಗಳಿಗೆ ಅಂಟಿಕೊಂಡ ರೋಗಾಣುಗಳು ಹೆಚ್ಚು ಕಾಲ ಬದುಕುತ್ತವೆ.

ಈ ಮೂರನ್ನೂ ಒಟ್ಟುಗೂಡಿಸಿ ನಮ್ಮ ವರ್ಷವನ್ನು ಹೀಗೆ ಭಾಗಿಸಿಕೊಳ್ಳಬಹುದು.

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರೆಯ ನೀರು ಅಳಿವೆಯನ್ನು ತುಂಬುವುದರಿಂದ ಉಪ್ಪು ತೀರ ಇಳಿಯುತ್ತದೆ. ಉಪ್ಪನ್ನು ಬಯಸುವ ವಿಬ್ರಿಯೊಗಳು ಹಿಂದೆ ಸರಿದರೂ ಮಲದ ರೋಗಾಣುಗಳು ಮುಂದೆ ಬರುತ್ತವೆ.

ಮಳೆ ನಿಂತ ಮೇಲಿನ ತಿಂಗಳುಗಳು: ಉಪ್ಪು ಕ್ರಮೇಣ ಮರಳುತ್ತದೆ. ನೀರು ತಿಳಿಯಾಗುತ್ತದೆ, ನೋಡಲು ಚೆಂದ. ಆದರೆ ಮಧ್ಯಮ ಉಪ್ಪಿನ ಈ ನೀರು ವಿಬ್ರಿಯೊ ವಲ್ನಿಫಿಕಸ್‌ಗೆ ಅನುಕೂಲವಾದುದು.

ಬೇಸಗೆ: ಮಾರ್ಚ್‌ನಿಂದ ಮೇವರೆಗೆ ನೀರು ಬೆಚ್ಚಗೂ ಉಪ್ಪಾಗಿಯೂ ಇರುತ್ತದೆ. ಇದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ಗೆ ಹಿತವಾದ ಸ್ಥಿತಿ. ಹೆಕ್ಕಿ ತಂದ ಮರುವಾಯಿಯು ಬಿಸಿಲಿಗೆ ಬೇಗನೆ ಕೆಡುವುದೂ ಈ ಕಾಲದಲ್ಲಿಯೇ.

ಹೀಗಾಗಿ ಯಾವ ಕಾಲದಲ್ಲಿಯೂ ಅಳಿವೆಯ ಮರುವಾಯಿಯನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿನ್ನುವುದು ಕ್ಷೇಮವಲ್ಲ.

ದಡದಿಂದ ಒಲೆಯವರೆಗೆ

ನೀರಿನ ಶಾಖವನ್ನಾಗಲಿ ಉಪ್ಪನ್ನಾಗಲಿ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಚಿಪ್ಪು ನೀರಿನಿಂದ ಮೇಲೆ ಬಂದ ಕ್ಷಣದಿಂದ ಎಲ್ಲವೂ ನಮ್ಮ ಕೈಯಲ್ಲಿದೆ.

ಎರಡು ಮನೆಗಳನ್ನು ಊಹಿಸಿಕೊಳ್ಳಿರಿ. ಎರಡು ಮನೆಯವರೂ ಬೆಳಗ್ಗೆ 8 ಗಂಟೆಗೆ ಒಂದೇ ದೋಣಿಯಿಂದ ಮರುವಾಯಿಯನ್ನು ಕೊಂಡರು. ಮೊದಲನೆಯ ಮನೆಯಲ್ಲಿ 10 ಗಂಟೆಯೊಳಗೆ ಅಡುಗೆಯಾಯಿತು. ಎರಡನೆಯ ಮನೆಯಲ್ಲಿ, ರಾತ್ರಿಯ ಊಟಕ್ಕಾಗಲಿ ಎಂದು ಗೋಣಿಚೀಲವನ್ನು ಜಗುಲಿಯ ಮೂಲೆಯಲ್ಲಿಟ್ಟರು. ಜೀವಂತ ಸಿಂಪಿಗಳನ್ನು 26 ಡಿಗ್ರಿ ಶಾಖದಲ್ಲಿ ಇರಿಸಿ ಅಮೆರಿಕದಲ್ಲಿ ನಡೆಸಿದ, 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ 10 ಗಂಟೆಗಳಲ್ಲಿ 50 ಪಾಲು, 24 ಗಂಟೆಗಳಲ್ಲಿ 790 ಪಾಲು ಹೆಚ್ಚಿತು. ಇದೇ ಲೆಕ್ಕದಲ್ಲಿ, ಒಂದು ಗ್ರಾಂ ಮಾಂಸದಲ್ಲಿ ಬೆಳಗ್ಗೆ 100 ರೋಗಾಣುಗಳಿದ್ದರೆ ಸಂಜೆಗೆ 5,000, ಮರುದಿನ ಬೆಳಗ್ಗೆಗೆ 79,000 ಆಗುತ್ತವೆ. ನಮ್ಮ ಬೇಸಗೆಯ ಜಗುಲಿಯು 26 ಡಿಗ್ರಿಗಿಂತ ಎಷ್ಟೋ ಬಿಸಿಯಾಗಿರುತ್ತದೆ. ನೀರು ಒಂದೇ, ದೋಣಿ ಒಂದೇ. ಎರಡು ಮನೆಗಳ ಅಪಾಯ ಮಾತ್ರ ಬೇರೆ ಬೇರೆ.

ಆದುದರಿಂದ ಹೆಕ್ಕಿದ ಮರುವಾಯಿಯನ್ನು ನೆರಳಿನಲ್ಲಿ, ಒದ್ದೆ ಗೋಣಿಯಿಂದ ಮುಚ್ಚಿ ಇಡತಕ್ಕದ್ದು. ದೂರದ ಸಂತೆಗೆ ಒಯ್ಯುವುದಾದರೆ ಮೇಲೆ ಮಂಜುಗಡ್ಡೆ ಇರಿಸಿ, ಕರಗಿದ ನೀರು ಬುಟ್ಟಿಯಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ಆ ದಿನವೇ ಅಡುಗೆ ಮಾಡುವುದು ಉತ್ತಮ.

ಮರಳು ಬಿಡಲೆಂದು ಮರುವಾಯಿಯನ್ನು ನೀರಿನಲ್ಲಿ ಹಾಕಿಡುವ ವಾಡಿಕೆಯಿದೆ. ಇದರಿಂದ ಮರಳು ಹೋಗುತ್ತದೆ ನಿಜ. ರೋಗಾಣುಗಳು ಹೋಗುತ್ತವೆ ಎಂದು ಭಾವಿಸಬಾರದು. ರಾತ್ರಿಯಿಡೀ ಬೆಚ್ಚನೆಯ ಬಕೆಟಿನಲ್ಲಿ ಬಿಟ್ಟರೆ ಅವು ಹೆಚ್ಚುವ ಸಂಭವವೇ ಇದೆ.

ಬೇಯಿಸುವ ಕ್ರಮ

1. ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚಿಕೊಳ್ಳದ ಚಿಪ್ಪು ಸತ್ತಿರುವಂಥದು. ಅದನ್ನು ಎಸೆಯಿರಿ. ಒಡೆದ ಮತ್ತು ದುರ್ವಾಸನೆಯ ಚಿಪ್ಪುಗಳನ್ನೂ ಎಸೆಯಿರಿ.

2. ಉಳಿದವನ್ನು ಕುಡಿಯಲು ಯೋಗ್ಯವಾದ ನೀರಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ.

3. ಕುದಿಯುವ ನೀರಿನಲ್ಲಿ ಹಾಕಿದಾಗ ಚಿಪ್ಪು ಬಾಯಿ ಬಿಡುತ್ತದೆ. ಅಲ್ಲಿಗೆ ಬೆಂದಿತೆಂದು ಇಳಿಸಬೇಡಿರಿ. ಬಾಯಿ ಬಿಟ್ಟ ಮೇಲೆ ಇನ್ನೂ 5 ನಿಮಿಷ ಕುದಿಯಲಿ. ಹಬೆಯಲ್ಲಿ ಬೇಯಿಸುವುದಾದರೆ ಬಾಯಿ ಬಿಟ್ಟ ಮೇಲೆ 10 ನಿಮಿಷ ಬೇಕು. ಕೊನೆಗೂ ಬಾಯಿ ಬಿಡದುದನ್ನು ತಿನ್ನಬಾರದು.

4. ಹಸಿಯದನ್ನೇ ಬಿಡಿಸಿ ಸುಕ್ಕವನ್ನೋ ಸಾರನ್ನೋ ಮಾಡುವವರು, ಮಾಂಸವನ್ನು ಹಾಕಿದ ಮೇಲೆ ಕುದಿ ಬಂದು ಕನಿಷ್ಠ 5 ನಿಮಿಷ ಕಳೆಯುವಂತೆ ನೋಡಿಕೊಳ್ಳಿರಿ.

5. ಹಸಿ ಮರುವಾಯಿಯನ್ನು ಬಿಡಿಸಿದ ಕತ್ತಿ, ಪಾತ್ರೆ ಮತ್ತು ಕೈಗಳನ್ನು ಸಾಬೂನಿನಿಂದ ತೊಳೆಯದೆ ಬೆಂದ ಆಹಾರವನ್ನು, ಮಗುವಿನ ತಟ್ಟೆಯನ್ನು ಮುಟ್ಟಬಾರದು.

6. ಉಳಿದ ಪದಾರ್ಥವನ್ನು ತಂಪಿನಲ್ಲಿ ಇಡಲು ಅನುಕೂಲವಿಲ್ಲದಿದ್ದರೆ ಮರುದಿನಕ್ಕೆ ಇಡಬೇಡಿರಿ.

ಹುಳಿ, ಮೆಣಸು, ಲಿಂಬೆರಸ ಇವು ರೋಗಾಣುಗಳನ್ನು ಕೊಲ್ಲುತ್ತವೆ ಎಂಬುದು ತಪ್ಪು ತಿಳಿವಳಿಕೆ. ಚಿಪ್ಪು ಬಾಯಿ ಬಿಟ್ಟಿತೆಂದ ಮಾತ್ರಕ್ಕೆ ಅದು ಕ್ಷೇಮವಲ್ಲ ಎಂಬುದಕ್ಕೆ ಚೀನಾದ ಶಾಂಘೈ ನಗರದ ಅನುಭವವೇ ಸಾಕ್ಷಿ. ಅಲ್ಲಿ 1988ರಲ್ಲಿ ಕೊಳೆನೀರಿನ ಚಿಪ್ಪುಗಳನ್ನು ಬಿಸಿನೀರಿನಲ್ಲಿ ಅದ್ದಿ ಬಾಯಿ ಬಿಡಿಸಿ ಅರೆಬೆಂದಂತೆ ತಿಂದು ಸುಮಾರು 3 ಲಕ್ಷ ಜನರು ಕಾಮಾಲೆಗೆ ಗುರಿಯಾದರು.

ಬೆಂಕಿಗೂ ಬಗ್ಗದ ವಿಷ

ಒಂದು ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೆಲವು ವೇಳೆ ನೀರಿನಲ್ಲಿ ಒಂದು ಜಾತಿಯ ಸೂಕ್ಷ್ಮ ಪಾಚಿಗಳು ವಿಪರೀತವಾಗಿ ಬೆಳೆಯುತ್ತವೆ. ಚಿಪ್ಪಿನ ಜೀವಿಗಳು ಇವನ್ನು ತಿಂದಾಗ ಪಾಚಿಯ ವಿಷವು ಅವುಗಳಲ್ಲಿ ಸೇರುತ್ತದೆ. ಇದು ರೋಗಾಣುವಲ್ಲ, ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. 1983ರಲ್ಲಿ ಮಂಗಳೂರಿನ ಬಳಿ ಇಂತಹ ವಿಷಪ್ರಕರಣವು ವರದಿಯಾಯಿತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ 7 ಜನರು ಪ್ರಾಣ ಕಳೆದುಕೊಂಡರು. ನೀರಿನ ಬಣ್ಣ ಕೆಂಪು, ಕಂದು ಅಥವಾ ಗಾಢ ಹಸಿರಿಗೆ ತಿರುಗಿದಾಗ, ಮೀನುಗಳು ಗುಂಪಾಗಿ ಸತ್ತು ತೇಲಿದಾಗ, ಅಥವಾ ಇಲಾಖೆಯು ಎಚ್ಚರಿಕೆ ನೀಡಿದಾಗ ಚಿಪ್ಪನ್ನು ಹೆಕ್ಕಬಾರದು, ಮಾರಬಾರದು, ತಿನ್ನಬಾರದು. ತಿಂದ ಸ್ವಲ್ಪ ಹೊತ್ತಿನಲ್ಲಿಯೇ ತುಟಿ, ನಾಲಿಗೆ ಜುಮುಗುಟ್ಟಿ ಮರಗಟ್ಟಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ವಿಷವು ಉಸಿರಾಟವನ್ನೇ ನಿಲ್ಲಿಸಬಲ್ಲದು.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಐದು ವರ್ಷದೊಳಗಿನ ಮಕ್ಕಳಿಗೆ ಭೇದಿಯು ಬೇಗನೆ ನಿತ್ರಾಣ ತರುತ್ತದೆ. ಗರ್ಭಿಣಿಯರಲ್ಲಿ, ಮುಖ್ಯವಾಗಿ ಕೊನೆಯ ಮೂರು ತಿಂಗಳುಗಳಲ್ಲಿ, ಮಲಿನ ನೀರಿನಿಂದ ಹರಡುವ ಒಂದು ಬಗೆಯ ಕಾಮಾಲೆಯು ತಾಯಿ ಮತ್ತು ಶಿಶು ಇಬ್ಬರ ಪ್ರಾಣಕ್ಕೂ ಅಪಾಯಕಾರಿ. ಇವರಿಗೆ ಬಡಿಸುವುದು ಚೆನ್ನಾಗಿ ಬೆಂದುದೇ ಆಗಿರಬೇಕು.

ಗಂಡಸರು ಈ ಮಾತನ್ನು ಗಮನವಿಟ್ಟು ಕೇಳಬೇಕು. ಹೆಂಡ, ಸಾರಾಯಿಗಳಿಂದ ಪಿತ್ತಜನಕಾಂಗ ಕೆಟ್ಟವರಿಗೂ ಸಕ್ಕರೆ ಕಾಯಿಲೆ ಇರುವವರಿಗೂ ವಿಬ್ರಿಯೊ ವಲ್ನಿಫಿಕಸ್ ಮಾರಕವಾಗಬಲ್ಲದು. ಈ ರೋಗವು ತಗುಲಿದ ಐವರಲ್ಲಿ ಸುಮಾರು ಒಬ್ಬರು ಸಾಯುತ್ತಾರೆ. ಕೆಲವರು ಒಂದೆರಡು ದಿನಗಳಲ್ಲಿಯೇ ತೀರಿಕೊಳ್ಳುತ್ತಾರೆ.

ಇದು ಬಾಯಿಂದ ಮಾತ್ರ ಬರುವ ರೋಗವಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರ ಕೈಕಾಲುಗಳನ್ನು ಚಿಪ್ಪಿನ ಅಂಚು ಕೊಯ್ಯುತ್ತದೆ. ಗಾಯವಿದ್ದರೆ ಮಾಗುವವರೆಗೂ ನೀರಿಗಿಳಿಯದಿರುವುದು ಲೇಸು. ಹೊಸ ಗಾಯವಾದರೆ ಕೂಡಲೇ ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆಯಿರಿ. ಗಾಯದ ಸುತ್ತ ಬಾವು, ವಿಪರೀತ ನೋವು, ನೀಲಿ ಅಥವಾ ಕೆಂಪು ಗುಳ್ಳೆ, ಜ್ವರ ಕಾಣಿಸಿದರೆ ಮನೆಮದ್ದಿಗೆ ಕಾಯದೆ ಅಂದೇ ವೈದ್ಯರಲ್ಲಿಗೆ ಬನ್ನಿರಿ. ಅಳಿವೆಯ ನೀರಿನಲ್ಲಿ ಗಾಯವಾಯಿತೆಂದು ಮರೆಯದೆ ತಿಳಿಸಿರಿ. ದಿನದ ಕೂಲಿ ತಪ್ಪುತ್ತದೆ ಎಂದು ಹೆಂಡತಿಯು ನೋವನ್ನು ನುಂಗಿಕೊಂಡಿದ್ದರೆ ಆಕೆಯನ್ನು ಕರೆತರುವುದು ಗಂಡನ ಕರ್ತವ್ಯ.

ವಾಂತಿಭೇದಿ ಕಂಡರೆ

ವಿಬ್ರಿಯೊದಿಂದ ಬರುವ ಭೇದಿಯು ಸಾಮಾನ್ಯವಾಗಿ ತಿಂದ ಒಂದು ದಿನದೊಳಗೆ ಆರಂಭವಾಗುತ್ತದೆ. ಭೇದಿ ಆರಂಭವಾದ ಕೂಡಲೇ ಜೀವಜಲ ಅಂದರೆ ಓಆರ್‌ಎಸ್ ಪುಡಿಯನ್ನು, ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕದಡಿ ಕುಡಿಸಿರಿ. ಪುಡಿ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿರಿ. ಮಗುವಿಗೆ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಎದೆಹಾಲನ್ನು ಎಂದಿಗೂ ನಿಲ್ಲಿಸಬೇಡಿರಿ. ಗಂಜಿ ಮೊದಲಾದ ಆಹಾರವೂ ಮುಂದುವರಿಯಲಿ. ಆಶಾ ಕಾರ್ಯಕರ್ತೆಯು ಮಗುವಿಗೆಂದು ಕೊಡುವ ಸತುವಿನ ಮಾತ್ರೆಯನ್ನು 14 ದಿನ ಪೂರ್ತಿ ನೀಡಿರಿ.

ಕಣ್ಣು ಗುಳಿಬಿದ್ದರೆ, ಮಗು ಕುಡಿಯಲಾರದೆ ಮಂಕಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಧಾವಿಸಿರಿ ಅಥವಾ 108ಕ್ಕೆ ಕರೆ ಮಾಡಿರಿ.

ಊರಿನವರ ಹೊಣೆ

ಸಮುದ್ರದ ರೋಗಾಣುಗಳನ್ನು ನಾವು ತಡೆಯಲಾರೆವು. ಮಲದ ರೋಗಾಣುಗಳನ್ನು ತಡೆಯಬಲ್ಲೆವು. ಅಳಿವೆಯ ದಂಡೆಯಲ್ಲಿ ಮಲವಿಸರ್ಜನೆ ಮಾಡುವ ಮನೆಯವನು, ಉಬ್ಬರವಿಳಿತದ ನೀರಿನ ಮೂಲಕ ಅದೇ ಮಲವನ್ನು ನೆರೆಮನೆಯ ಮಗುವಿನ ತಟ್ಟೆಗೆ ಕಳುಹಿಸುತ್ತಾನೆ. ಶೌಚಾಲಯವನ್ನು ಎಲ್ಲರೂ ಬಳಸತಕ್ಕದ್ದು. ಅದರ ಗುಂಡಿಯ ನೀರನ್ನು ಹೊಳೆಗೆ ಬಿಡಬಾರದು. ಚಿಕ್ಕ ಮಕ್ಕಳ ಮಲವು ನಿರಪಾಯವೆಂಬ ಭಾವನೆ ಸರಿಯಲ್ಲ. ಅದನ್ನೂ ಶೌಚಾಲಯಕ್ಕೇ ಹಾಕಬೇಕು. ಚರಂಡಿ ಸೇರುವ ಬಾಯಿಯ ಹತ್ತಿರವೂ ಭಾರೀ ಮಳೆ ಸುರಿದ ಮರುದಿನಗಳಲ್ಲಿಯೂ ಮರುವಾಯಿಯನ್ನು ಹೆಕ್ಕದಿರುವುದು ಒಳ್ಳೆಯದು. ಶುದ್ಧವಾದ ಅಳಿವೆಯು ಮೀನುಗಾರ ಕುಟುಂಬದ ಅನ್ನದ ಬಟ್ಟಲೂ ಹೌದು, ಮಕ್ಕಳ ಆರೋಗ್ಯದ ಕಾವಲೂ ಹೌದು.

ನೆನಪಿಡಿರಿ

ತಿಳಿಯಾದ ನೀರು ಶುದ್ಧವಾದ ನೀರೆಂದು ನಂಬಬೇಡಿರಿ.
ಹೆಕ್ಕಿದ ಚಿಪ್ಪನ್ನು ನೆರಳಿನಲ್ಲಿಡಿರಿ, ಅಂದೇ ಬೇಯಿಸಿರಿ.
ಬಾಯಿ ಬಿಟ್ಟ ಮೇಲೆ ಇನ್ನೂ 5 ನಿಮಿಷ ಕುದಿಸಿರಿ.
ನೀರಿನ ಬಣ್ಣ ಕೆಟ್ಟಾಗ ಚಿಪ್ಪನ್ನು ಮುಟ್ಟಬೇಡಿರಿ.
ಗಾಯವನ್ನು ಅಲಕ್ಷಿಸಬೇಡಿರಿ.

ಗಂಡ ಹೆಂಡಿರು ಕುಳಿತು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಗೆ ಬರುವ ಮರುವಾಯಿಯನ್ನು ಎಲ್ಲಿ ಹೆಕ್ಕುತ್ತಾರೆ? ಅದರ ಹತ್ತಿರ ಚರಂಡಿ ಇದೆಯೇ?
2. ಹೆಕ್ಕಿದ ಹೊತ್ತಿನಿಂದ ಒಲೆಗೇರುವವರೆಗೆ ಎಷ್ಟು ಗಂಟೆ ಕಳೆಯುತ್ತದೆ?
3. ಚಿಪ್ಪು ಬಾಯಿ ಬಿಟ್ಟ ಮೇಲೆ ನಾವು ಎಷ್ಟು ಹೊತ್ತು ಬೇಯಿಸುತ್ತೇವೆ?
4. ಓಆರ್‌ಎಸ್ ಪೊಟ್ಟಣವು ಮನೆಯಲ್ಲಿ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿದೆಯೇ?

ಈ ನಾಲ್ಕು ಪ್ರಶ್ನೆಗಳಿಗೆ ಇಂದಿನ ಊಟದ ಮೊದಲೇ ಉತ್ತರ ಕಂಡುಕೊಳ್ಳಿರಿ. ಸಂದೇಹವಿದ್ದಲ್ಲಿ ನಿಮ್ಮ ಊರಿನ ಆರೋಗ್ಯ ಸಹಾಯಕಿಯನ್ನಾಗಲಿ ವೈದ್ಯಾಧಿಕಾರಿಯನ್ನಾಗಲಿ ಸಂಕೋಚವಿಲ್ಲದೆ ಕೇಳಿರಿ.